ನವೋದಯ ಲಿಸ್ಟಿನಲ್ಲಿ ಮಗುವಿನ ಹೆಸರಿಲ್ಲ: ಆರನೇ ತರಗತಿಗೆ ಮುಂದೇನು?

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಐದನೇ ತರಗತಿ ಅಂದರೆ ಪ್ರವೇಶ ಪರೀಕ್ಷೆಗಳ ವರ್ಷ. ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ, ಆದರ್ಶ ಹೀಗೆ ಆರನೇ ತರಗತಿಗೆ ಮಕ್ಕಳನ್ನು ಆರಿಸುವ ಶಾಲೆಗಳ ಪರೀಕ್ಷೆ ಒಂದರ ಬೆನ್ನಿಗೆ ಇನ್ನೊಂದು. ಇವುಗಳಲ್ಲಿ ಹೆಚ್ಚಿನವು ವಸತಿ ಶಾಲೆಗಳು. ಹತ್ತು ವರ್ಷದ ಮಗು ನಸುಕಿನಲ್ಲಿ ಕ್ಲಾಸಿಗೆ ಹೋಗುತ್ತದೆ, ಹಗಲು ಶಾಲೆ, ಸಂಜೆ ಮತ್ತೆ ಕ್ಲಾಸು. ಕೆಲವರು ವರ್ಷವಿಡೀ ಕೋಚಿಂಗ್ ಹಾಸ್ಟೆಲಿನಲ್ಲೇ ಇರುತ್ತಾರೆ. ಆಮೇಲೆ ರಿಸಲ್ಟ್ ಬರುತ್ತದೆ, ಹೆಚ್ಚಿನ ಮನೆಗಳಲ್ಲಿ "ನಂಬರ್ ಹತ್ತಲಿಲ್ಲ" ಎಂಬ ಮಾತು ಕೇಳಿಸುತ್ತದೆ.

ಬಾಗಲಕೋಟೆ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಆರನೇ ತರಗತಿಗೆ ಪಾಠ ಹೇಳುತ್ತೇನೆ. ಹೀಗೆ ಹೆಸರು ಬಾರದ ಮಕ್ಕಳು ಜೂನ್ ತಿಂಗಳಲ್ಲಿ ನನ್ನ ಮುಂದೆ ಬಂದು ಕೂರುತ್ತಾರೆ. ಭಿನ್ನರಾಶಿ, ಲಸಾಅ, ಶೇಕಡಾ ಎಲ್ಲ ಬಾಯಿಪಾಠ. ಆದರೆ ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ. ತಾನು ಶಾಣ್ಯಾ ಅಲ್ಲ ಎಂದು ಆ ಮಗು ತನ್ನೊಳಗೇ ತೀರ್ಮಾನ ಮಾಡಿಕೊಂಡಿರುತ್ತದೆ. ಆ ತೀರ್ಮಾನವನ್ನು ಅದಕ್ಕೆ ಕಲಿಸಿದವರು ನಾವು, ದೊಡ್ಡವರು. ಬಿಡಿಸಬೇಕಾದವರೂ ನಾವೇ. ಅದಕ್ಕೆ ಏನೇನು ಮಾಡಬಹುದು, ಯಾವುದರ ನಂತರ ಯಾವುದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ರಿಸಲ್ಟ್ ಗೊತ್ತಾದ ದಿನ

ಸುದ್ದಿಯನ್ನು ನೀವೇ ಹೇಳಿ. ವಾಟ್ಸ್ಆ್ಯಪ್ ಗುಂಪಿನಿಂದಲೋ ಓಣಿಯ ಹುಡುಗರಿಂದಲೋ ಮಗುವಿಗೆ ಗೊತ್ತಾಗಬಾರದು. ಪಕ್ಕಕ್ಕೆ ಕೂಡಿಸಿಕೊಂಡು ನೇರವಾಗಿ, ಚಿಕ್ಕದಾಗಿ ಹೇಳಿದರೆ ಸಾಕು: "ತಮ್ಮಾ, ಲಿಸ್ಟಿನ್ಯಾಗ ನಿನ್ನ ಹೆಸರು ಬಂದಿಲ್ಲ. ನನಗೂ ಬ್ಯಾಸರ ಆಗೇತಿ. ಆದ್ರ ನೀ ವರ್ಷಾನಗಟ್ಟಲೆ ಓದಿದ್ದು ನಾ ನೋಡೇನಿ." ಅಳು ಬಂದರೆ ಅಳಲಿ. "ಗಂಡಸಾಗಿ ಅಳತಿಯೇನೋ" ಅನ್ನಬೇಡಿ. ಅಳದೆ ಚೆಂಡು ತಗೊಂಡು ಆಡಲು ಓಡಿದರೆ "ಇವನಿಗೆ ಏನೂ ಅನಿಸಿಯೇ ಇಲ್ಲ" ಎಂದು ಸಿಟ್ಟಾಗಬೇಡಿ. ಈ ವಯಸ್ಸಿನ ಮಕ್ಕಳಿಗೆ ದುಃಖ ಒಮ್ಮೆಲೇ ಹೊರಗೆ ಬರುವುದಿಲ್ಲ. ಮೂರು ದಿನ ಬಿಟ್ಟು, ಊಟದ ನಡುವೆ, ಏನೂ ಸಂಬಂಧವಿಲ್ಲದ ಮಾತಿಗೆ ಬರಬಹುದು.

ಮನೆಯಲ್ಲಿ ಯಾರೂ ಆಡಬಾರದ ಮಾತುಗಳು ಕೆಲವಿವೆ. ಕ್ಲಾಸಿಗೆ ಎಷ್ಟು ರೊಕ್ಕ ಹೋಯಿತು ಎಂಬುದು ಮೊದಲನೆಯದು. ನಮ್ಮ ಕಡೆ ಕೋಚಿಂಗಿಗೆ ಸಾಲ ಮಾಡಿದವರಿದ್ದಾರೆ, ಕಬ್ಬಿನ ಬಿಲ್ಲು ಬಂದ ಕೂಡಲೇ ಅಲ್ಲಿಗೇ ಕಟ್ಟಿದವರಿದ್ದಾರೆ. ಆ ಭಾರ ನಿಜವಾದದ್ದೇ. ಆದರೆ ಅದನ್ನು ಹೊರಲು ಒಪ್ಪಿದ್ದು ನೀವು, ಮಗುವಲ್ಲ. ಹತ್ತು ವರ್ಷದ ಮಗು ಆ ಮಾತು ಕೇಳಿಸಿಕೊಂಡರೆ ತನ್ನಿಂದ ಮನೆಗೆ ಸಾಲವಾಯಿತು ಎಂದು ಲೆಕ್ಕ ಹಾಕಿಕೊಳ್ಳುತ್ತದೆ. ಎರಡನೆಯದು ಹೋಲಿಕೆ. ಕಾಕಾನ ಮಗ, ಅತ್ತೆಯ ಮಗಳು, ಮಗ್ಗಲ ಮನೆಯ ಹುಡುಗ ಯಾರ ಹೆಸರೂ ಆ ವಾರ ಬೇಡ. ಅಜ್ಜ, ಆಯಿ, ಸೋದರಮಾವ ಪ್ರೀತಿಯಿಂದಲೇ "ಯಾಕೋ, ಏನಾತೋ?" ಎಂದು ಕೇಳುತ್ತಾರೆ. ಅವರಿಗೆ ಮೊದಲೇ ಫೋನ್ ಮಾಡಿ, ಮಗುವಿನ ಹತ್ತಿರ ಈ ವಿಷಯ ತೆಗೆಯಬೇಡಿ ಎಂದು ತಿಳಿಸಿ.

ಆಯ್ಕೆಯಾದ ಮಕ್ಕಳ ಫೋಟೊ ಹಾಕಿದ ಫ್ಲೆಕ್ಸ್‌ಗಳು ಬಸ್‌ ನಿಲ್ದಾಣದಿಂದ ಸರ್ಕಲ್‌ವರೆಗೂ ಕಟ್ಟಿರುತ್ತಾರೆ. ಮಗು ದಿನಾಲೂ ಅವುಗಳ ಕೆಳಗೇ ಹಾದುಹೋಗುತ್ತದೆ. ಅಲ್ಲಿ ತನ್ನ ಜೊತೆ ಕೂತವರ ಮುಖಗಳಿರುತ್ತವೆ. ಮಗು ಅದನ್ನು ನೋಡದ ಹಾಗೆ ದಾರಿ ಬದಲಿಸಲು ಹೋಗಬೇಡಿ, ನಿಂತು ಒಂದು ಮಾತಾಡಿ. ಗೆಳೆಯನ ಹೆಸರಿದ್ದರೆ ಅವನಿಗೆ ಫೋನ್ ಹಚ್ಚಿ ಕೊಡಿ. ಶುಭಾಶಯ ಹೇಳಿದ ಮೇಲೆ ಮಗುವಿನ ಎದೆ ಹಗುರವಾಗುವುದನ್ನು ನೀವೇ ನೋಡುತ್ತೀರಿ.

ಸೀಟಿನ ಲೆಕ್ಕ ಮಗುವಿಗೂ ಗೊತ್ತಿರಲಿ

ಎರಡು–ಮೂರು ದಿನ ಕಳೆದ ಮೇಲೆ ಮಾಡಬೇಕಾದ ಕೆಲಸ ಇದು. ಒಂದು ನವೋದಯ ವಿದ್ಯಾಲಯ ಆರನೇ ತರಗತಿಗೆ ತೆಗೆದುಕೊಳ್ಳುವುದು ಹೆಚ್ಚೆಂದರೆ 80 ಮಕ್ಕಳನ್ನು. ಅದರಲ್ಲಿ ಕನಿಷ್ಠ ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ, ಜೊತೆಗೆ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ ಮೀಸಲಾತಿ. ಇಷ್ಟರೊಳಗೆ ಇಡೀ ಜಿಲ್ಲೆಯ ಹಳ್ಳಿಹಳ್ಳಿಯ ಮಕ್ಕಳು ಬರಬೇಕು. ಪರೀಕ್ಷೆ ಎರಡು ತಾಸಿನದು, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧ ಅಂಕ ಆಕೃತಿಗಳನ್ನು ನೋಡಿ ಉತ್ತರಿಸುವ ಮಾನಸಿಕ ಸಾಮರ್ಥ್ಯದ ಭಾಗಕ್ಕೆ, ಉಳಿದ ಅರ್ಧ ಲೆಕ್ಕಕ್ಕೂ ಭಾಷೆಗೂ ಸಮನಾಗಿ. ವಿಜ್ಞಾನ ಇಲ್ಲ, ಕೈಬರಹ ಇಲ್ಲ, ಕಥೆ ಹೇಳುವುದಿಲ್ಲ, ಚಿತ್ರ ಬಿಡಿಸುವುದಿಲ್ಲ.

ಇದನ್ನು ಮಗುವಿಗೆ ಕಾಗದದ ಮೇಲೆ ಬರೆದು ತೋರಿಸಿ. ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಹಳ್ಳಿಗಳಿವೆ, ಪ್ರತಿ ಹಳ್ಳಿಯಿಂದ ಇಬ್ಬರೇ ಪರೀಕ್ಷೆ ಬರೆದರೂ ಎಷ್ಟಾಗುತ್ತದೆ ಎಂದು ಅದರ ಕೈಯಿಂದಲೇ ಗುಣಿಸಿಸಿ. ಇಷ್ಟು ದಿನ ಲೆಕ್ಕ ಮಾಡಿದ ಮಗುವಿಗೆ ಇದು ಥಟ್ಟನೆ ತಿಳಿಯುತ್ತದೆ. ಒಂದೆರಡು ಅಂಕದ ಅಂತರದಲ್ಲಿ ಬಹಳ ಮಕ್ಕಳು ಇರುತ್ತಾರೆ, ಎಲ್ಲರಿಗೂ ಜಾಗ ಇಲ್ಲ, ಅಷ್ಟೇ. ಸಮಾಧಾನಕ್ಕೆಂದು "ಪೇಪರ್ ಲೀಕ್ ಆಗಿತ್ತಂತ, ರೊಕ್ಕ ಕೊಟ್ಟವರಿಗೆ ಸಿಕ್ಕಿತು" ಎಂಬ ಮಾತು ಮಾತ್ರ ಹೇಳಬೇಡಿ. ಅದು ಮಗುವಿಗೆ ಯಾವ ನೆಮ್ಮದಿಯನ್ನೂ ಕೊಡುವುದಿಲ್ಲ, ಓದಿನ ಮೇಲಿನ ನಂಬಿಕೆಯನ್ನೇ ತೆಗೆದುಬಿಡುತ್ತದೆ.

ಕೋಚಿಂಗ್ ಹಾಸ್ಟೆಲಿನಿಂದ ಮರಳಿದ ಮಗು

ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಯಾಕೆಂದರೆ ಇದನ್ನು ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ.

ಒಂದು ವರ್ಷ ಅಥವಾ ಎರಡು ವರ್ಷ ಮನೆಯಿಂದ ದೂರ ಇದ್ದ ಮಗು ರಿಸಲ್ಟ್ ಜೊತೆಗೆ ಮನೆಗೆ ಬರುತ್ತದೆ. ಮನೆಗೆ ಬಂದ ಖುಷಿ, ಸೋತ ನಾಚಿಕೆ ಎರಡೂ ಒಟ್ಟಿಗೇ ಇರುತ್ತವೆ. ಮೊದಲ ಹದಿನೈದು ದಿನ ಪುಸ್ತಕದ ಮಾತೇ ಬೇಡ. ಹೊಟ್ಟೆ ತುಂಬ ಉಣ್ಣಲಿ, ಬೇಕಾದಷ್ಟು ಮಲಗಲಿ, ಅಂಗಳದಲ್ಲಿ ಆಡಲಿ, ತಂಗಿಯ ಜೊತೆ ಜಗಳವಾಡಲಿ. ಆಲಮಟ್ಟಿಯ ಉದ್ಯಾನಕ್ಕೋ ಬಾದಾಮಿಗೋ ಕೂಡಲಸಂಗಮಕ್ಕೋ ಒಂದು ದಿನ ಕರೆದುಕೊಂಡು ಹೋಗಿ, ಅಲ್ಲಿ ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳಬೇಡಿ.

ಆಮೇಲೆ ಮೆಲ್ಲಗೆ ವಿಚಾರಿಸಿ. ಅಲ್ಲಿ ಊಟ ಹೇಗಿತ್ತು, ಯಾರ ಮಗ್ಗಲಿಗೆ ಮಲಗುತ್ತಿದ್ದೆ, ತಪ್ಪು ಉತ್ತರ ಬರೆದರೆ ಏನು ಮಾಡುತ್ತಿದ್ದರು, ಯಾರನ್ನು ಕಂಡರೆ ಅಂಜಿಕೆ ಆಗುತ್ತಿತ್ತು? ಒಮ್ಮೆಗೇ ಎಲ್ಲ ಕೇಳಬೇಡಿ. ಹೊಲಕ್ಕೆ ಹೋಗುವಾಗ, ತಲೆ ಬಾಚುವಾಗ ಇಂಥ ಮಾತು ಬರುತ್ತವೆ. ಮಗು ಹೊಡೆತದ ಬಗ್ಗೆಯೋ ಮೈ ಮುಟ್ಟಿದ್ದರ ಬಗ್ಗೆಯೋ ಏನಾದರೂ ಹೇಳಿದರೆ ಮೊದಲು ನಂಬಿ, ಬೈಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಊರಲ್ಲಿ ಹೆಸರು ಹೋಗುತ್ತದೆ ಎಂಬ ಯೋಚನೆ ಆ ಹೊತ್ತಿಗೆ ಬೇಡ.

ಹಾಸಿಗೆಯಲ್ಲಿ ಉಚ್ಚೆ ಹೋಗುವುದು, ಬೆಳಗಾದರೆ ಹೊಟ್ಟೆನೋವು, ಊಟ ಬಿಡುವುದು, ಯಾರ ಜೊತೆಗೂ ಆಡಲು ಹೋಗದೆ ಮೂಲೆಗೆ ಕೂರುವುದು, "ನಾ ಯಾತಕ್ಕೂ ಬರಂಗಿಲ್ಲ" ಎಂದು ಮೇಲಿಂದ ಮೇಲೆ ಅನ್ನುವುದು ಎರಡು ವಾರ ದಾಟಿ ಮುಂದುವರಿದರೆ ಅದನ್ನು ಹಟ ಎಂದು ತಿಳಿಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗವೂ ಇದೆ. ಸಾಯುವ ಮಾತು ಬಂದರೆ ಎರಡು ವಾರ ಕಾಯುವ ಮಾತೇ ಇಲ್ಲ, ಅಂದೇ ಕರೆದುಕೊಂಡು ಹೋಗಿ.

ಇನ್ನೊಂದು ವಿಷಯ ಓದಿಗೆ ಸಂಬಂಧಿಸಿದ್ದು. ವರ್ಷವಿಡೀ ಓಎಂಆರ್ ಹಾಳೆಯಲ್ಲಿ ಗೋಲ ತುಂಬಿದ ಮಗು ಒಂದು ಪ್ಯಾರಾ ಬರೆದು ಎಷ್ಟು ದಿನ ಆಗಿರುತ್ತದೋ! ಪರಿಸರ ಅಧ್ಯಯನದ ಪುಸ್ತಕ ತೆರೆದೇ ಇರುವುದಿಲ್ಲ. ನಮ್ಮ ತರಗತಿಗೆ ಬರುವ ಇಂಥ ಮಕ್ಕಳಲ್ಲಿ ನಾನು ಮೊದಲು ನೋಡುವುದು ಇದನ್ನೇ: ಲೆಕ್ಕದ ಉತ್ತರ ಸರಿ ಇರುತ್ತದೆ, ಹೇಗೆ ಬಂತು ಎಂದು ಬರೆದು ತೋರಿಸು ಅಂದರೆ ಪೆನ್ನು ನಿಲ್ಲುತ್ತದೆ. ರಜೆಯ ಕೊನೆಯ ಎರಡು–ಮೂರು ವಾರ ದಿನಕ್ಕೆ ಅರ್ಧ ತಾಸು ಇದಕ್ಕೆ ಕೊಡಿ. ಐದನೇ ತರಗತಿಯ ಕನ್ನಡ ಪುಸ್ತಕದಿಂದ ಒಂದು ಪುಟ ಜೋರಾಗಿ ಓದಲಿ, ಓದಿದ್ದನ್ನು ತನ್ನ ಮಾತಲ್ಲಿ ನಾಲ್ಕು ಸಾಲು ಬರೆಯಲಿ. ಒಂದು ಲೆಕ್ಕವನ್ನು ತಮ್ಮನಿಗೆ ಕಲಿಸಿಕೊಡಲಿ. ಇಷ್ಟು ಸಾಕು, ಮತ್ತೊಂದು ಟ್ಯೂಷನ್ ಹುಡುಕಬೇಡಿ. ಹಾಗೆಂದು ಆ ವರ್ಷದ ಓದು ಹಾಳಾಯಿತು ಎಂದೂ ತಿಳಿಯಬೇಡಿ. ಆ ಲೆಕ್ಕ, ಆ ಆಕೃತಿಗಳು ಎಂಟನೇ ತರಗತಿಯಲ್ಲಿ ಬೇರೆ ಕಡೆ ಕೆಲಸಕ್ಕೆ ಬರುತ್ತವೆ. ಅದನ್ನು ಕೊನೆಗೆ ಹೇಳುತ್ತೇನೆ.

ವೇಟಿಂಗ್ ಲಿಸ್ಟ್: ಕಾಯಿರಿ, ಆದರೆ ಬೇರೆ ಶಾಲೆಗೆ ಹೆಸರು ಹಚ್ಚಿ ಕಾಯಿರಿ

ಮೊದಲ ಪಟ್ಟಿಯೇ ಕೊನೆಯ ಪಟ್ಟಿಯಲ್ಲ. ನವೋದಯದಲ್ಲಿ ಆಯ್ಕೆಯಾದವರು ಸೇರದೆ ಉಳಿದರೆ ಮುಂದಿನ ಪಟ್ಟಿ ಬರುತ್ತದೆ. ಸೈನಿಕ ಶಾಲೆಗೆ ಆನ್‌ಲೈನ್ ಕೌನ್ಸೆಲಿಂಗ್ ಹಲವು ಸುತ್ತು ನಡೆಯುತ್ತದೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳ ಸೀಟು ಹಂಚಿಕೆಯೂ ಸುತ್ತುಗಳಲ್ಲೇ. ಹೀಗಾಗಿ ಅರ್ಜಿಯಲ್ಲಿ ಕೊಟ್ಟ ಮೊಬೈಲ್ ನಂಬರ್ ಬಂದ್ ಆಗದಂತೆ ನೋಡಿಕೊಳ್ಳಿ. ನಂಬರ್ ಕೋಚಿಂಗಿನವರದ್ದು ಕೊಟ್ಟಿದ್ದರೆ ವಾರಕ್ಕೊಮ್ಮೆ ಕೇಳಿ, ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಲಿ. ನವೋದಯದಲ್ಲಾಗಲಿ ಸೈನಿಕ ಪರೀಕ್ಷೆಯಲ್ಲಾಗಲಿ ಉತ್ತರಪತ್ರಿಕೆಯ ಮರುಮೌಲ್ಯಮಾಪನಕ್ಕೆ ಅವಕಾಶವಿಲ್ಲ. "ಮಾಡಿಸಿಕೊಡ್ತೀನಿ" ಎಂದು ಬರುವವರನ್ನು ಬಾಗಿಲಲ್ಲೇ ಕಳಿಸಿ.

ಕಾಗದಪತ್ರ ಈಗಲೇ ಸೇರಿಸಿಡಿ: ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ, ಮಗುವಿನ ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ಸ್ಯಾಟ್ಸ್ ನಂಬರ್ (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿನ ನಂಬರ್), ಮೂರರಿಂದ ಐದನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಅದರ ವ್ಯಾಸಂಗ ಪ್ರಮಾಣಪತ್ರ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಇರುವುದು ನಮ್ಮಲ್ಲಿ ಮಾಮೂಲು. ಅಡ್ಡಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಮೂರನ್ನೂ ಹೋಲಿಸಿ ನೋಡಿ, ವ್ಯತ್ಯಾಸ ಇದ್ದರೆ ರಜೆಯಲ್ಲೇ ತಿದ್ದಿಸಿ.

ಮಗುವಿಗೆ "ಎರಡನೇ ಲಿಸ್ಟಿನ್ಯಾಗ ಬಂದೇ ಬರತೈತಿ" ಎಂದು ಭರವಸೆ ಕೊಡಬೇಡಿ. ಜುಲೈವರೆಗೆ ಮನೆಯಲ್ಲಿ ಕೂಡಿಸಿ ಕಾಯುವುದಂತೂ ಬೇಡವೇ ಬೇಡ. ಜೂನ್‌ನಲ್ಲಿ ಶಾಲೆ ಸುರುವಾದ ದಿನವೇ ಆರನೇ ತರಗತಿಯಲ್ಲಿ ಮಗು ಕೂತಿರಬೇಕು. ಆಮೇಲೆ ಸೀಟು ಬಂದರೆ ಟಿಸಿ ತೆಗೆದುಕೊಂಡು ಹೋಗಬಹುದು.

ಐದನೇ ತರಗತಿ ಇನ್ನೊಮ್ಮೆ ಓದಿಸೋಣವೇ?

ಬೇಡ. ನವೋದಯಕ್ಕೆ ಎರಡನೇ ಸಲ ಬರೆಯುವ ಅವಕಾಶವೇ ಇಲ್ಲ. ಅದೇ ವರ್ಷ ಐದರಲ್ಲಿ ಓದುತ್ತಿರುವ, ಹಿಂದೆ ಬರೆಯದ ಮಗುವಿಗೆ ಮಾತ್ರ ಪರೀಕ್ಷೆ. ಸೈನಿಕ ಶಾಲೆಗೆ ವಯಸ್ಸೇ ಮುಖ್ಯ, ಮಾರ್ಚ್ 31ಕ್ಕೆ 10ರಿಂದ 12 ವರ್ಷದೊಳಗೆ ಇರಬೇಕು. ಹೀಗಾಗಿ ವಯಸ್ಸಿದ್ದರೆ ಇನ್ನೊಮ್ಮೆ ಬರೆಯಬಹುದು. ಆದರೆ ಅದಕ್ಕಾಗಿ ಗೆಳೆಯರೆಲ್ಲ ಮುಂದೆ ಹೋಗಿ ತಾನೊಬ್ಬ ಹಿಂದೆ ಉಳಿಯುವುದು ಹನ್ನೊಂದು ವರ್ಷದ ಮಗುವಿಗೆ ದೊಡ್ಡ ಪೆಟ್ಟು. ಹುಟ್ಟಿದ ದಿನಾಂಕ ತಿದ್ದಿಸುವ ಸಲಹೆ ಕೊಡುವವರೂ ಇದ್ದಾರೆ. ಅದು ಸುಳ್ಳು ದಾಖಲೆ, ಮಗುವಿನ ಬದುಕಿನುದ್ದಕ್ಕೂ ಬೆನ್ನು ಹತ್ತುತ್ತದೆ. ಹದಿನಾರು ವರ್ಷದೊಳಗಿನವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದು ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ. ನಮ್ಮ ಮಕ್ಕಳಿಗೆ ಹತ್ತೇ ವರ್ಷ ಎಂಬುದು ನೆನಪಿರಲಿ.

ಯಾವ ಶಾಲೆಗಳು ನೋಡಬಹುದು

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಪ್ರವೇಶ ಪರೀಕ್ಷೆ ಇಲ್ಲ, ಯಾರನ್ನೂ ವಾಪಸ್ ಕಳಿಸುವಂತಿಲ್ಲ. ನವೋದಯ, ಸೈನಿಕದಂಥ ಕೆಲವು ವಿಶೇಷ ಶಾಲೆಗಳನ್ನು ಬಿಟ್ಟರೆ, ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಪರೀಕ್ಷೆ ಇಟ್ಟು ಸೇರಿಸಿಕೊಳ್ಳುವುದನ್ನೂ ಡೊನೇಷನ್ ಕೇಳುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಸರ್ಕಾರಿ ಶಾಲೆಯಲ್ಲಿ ಪುಸ್ತಕ, ಸಮವಸ್ತ್ರ, ಬಿಸಿಯೂಟ ಉಚಿತ. ಹೋಬಳಿ ಊರುಗಳಲ್ಲಿ ಕರ್ನಾಟಕ ಪಬ್ಲಿಕ್ ಶಾಲೆ ಇದ್ದರೆ ಅದನ್ನು ತಪ್ಪದೆ ನೋಡಿ: ಒಂದೇ ಆವರಣದಲ್ಲಿ ಪಿಯುವರೆಗೆ ಓದಬಹುದು, ಹೈಸ್ಕೂಲಿಗೆ ಮತ್ತೆ ಓಡಾಡುವ ತಾಪತ್ರಯ ಇರುವುದಿಲ್ಲ. ಆದರ್ಶ ವಿದ್ಯಾಲಯದ ಪರೀಕ್ಷೆ ಬರೆದಿದ್ದರೆ ಅದರ ಪಟ್ಟಿ ಬೇರೆ ಬರುತ್ತದೆ. ಅದು ಆರರಿಂದ ಹತ್ತರವರೆಗೆ ಇಂಗ್ಲಿಷ್ ಮಾಧ್ಯಮದ ಶಾಲೆ, ಆದರೆ ಹಾಸ್ಟೆಲ್ ಇಲ್ಲ, ದಿನಾಲೂ ಹೋಗಿಬರಬೇಕು.

ಕೂಲಿಗೆ ಗೋವಾ, ಮಹಾರಾಷ್ಟ್ರಕ್ಕೆ ಹೋಗುವ ಮನೆಗಳಿಗೆ, ತಾಂಡಾಗಳಲ್ಲಿರುವವರಿಗೆ ವಸತಿ ಬೇಕೇ ಬೇಕು ಎಂಬುದು ನನಗೆ ಗೊತ್ತು. ಅಂಥವರು ವಸತಿ ಶಾಲೆಯ ಸೀಟು ತಪ್ಪಿತೆಂದು ಎದೆಗುಂದಬೇಕಿಲ್ಲ. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ಪೂರ್ವ ಹಾಸ್ಟೆಲುಗಳು ಇವೆ, ಊಟ ವಸತಿ ಉಚಿತ, ಪಕ್ಕದ ಸರ್ಕಾರಿ ಶಾಲೆಯಲ್ಲಿ ಓದುವುದು. ಕೆಲವು ತಾಲ್ಲೂಕುಗಳಲ್ಲಿ ಹೆಣ್ಣುಮಕ್ಕಳಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಇದೆ. ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲೋ ನಿಮ್ಮ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಹತ್ತಿರವೋ ಕೇಳಿದರೆ ಎಲ್ಲಿ ಜಾಗ ಇದೆ ಎಂದು ತಿಳಿಯುತ್ತದೆ.

ಖಾಸಗಿ ಶಾಲೆ ನೋಡುವುದಾದರೆ ಮೊದಲು ಕೇಳಬೇಕಾದ್ದು ಕಟ್ಟಡದ ಬಗ್ಗೆಯೋ ಬಸ್ಸಿನ ಬಗ್ಗೆಯೋ ಅಲ್ಲ, ಆರರಿಂದ ಎಂಟನೇ ತರಗತಿಗೆ ಇಲಾಖೆಯ ಮಾನ್ಯತೆ ಇದೆಯೇ, ಯಾವ ಮಾಧ್ಯಮಕ್ಕೆ ಇದೆ, ನವೀಕರಣ ಆಗಿದೆಯೇ ಎಂಬುದು. ಐದರವರೆಗೆ ಮಾತ್ರ ಅನುಮತಿ ಇದ್ದು ಮುಂದಿನ ತರಗತಿಗಳನ್ನು ಬೇರೆ ಶಾಲೆಯ ಹೆಸರಲ್ಲಿ ನಡೆಸುವವರಿದ್ದಾರೆ. "ಸಿಬಿಎಸ್‌ಇ ಪ್ಯಾಟರ್ನ್" ಎಂದು ಬೋರ್ಡಿನಲ್ಲಿ ಬರೆದಿದ್ದರೆ ಅಫಿಲಿಯೇಷನ್ ನಂಬರ್ ಕೇಳಿ, ನಂಬರ್ ಇಲ್ಲದಿದ್ದರೆ ಅದು ಸಿಬಿಎಸ್‌ಇ ಶಾಲೆಯಲ್ಲ. ಪ್ರತಿ ಶಾಲೆಗೂ ಇರುವ ಯುಡೈಸ್ ಕೋಡ್ ಎಂಬ ಸರ್ಕಾರಿ ನಂಬರನ್ನು ಬರೆದುಕೊಂಡು ಬಂದು ಬಿಇಒ ಕಚೇರಿಯಲ್ಲಿ ತೋರಿಸಿದರೆ ಖರೆ ಏನು ಎಂದು ಗೊತ್ತಾಗುತ್ತದೆ. ಮಗು ಕೋಚಿಂಗಿನಲ್ಲಿ ಕೂತು ಹೆಸರು ಬೇರೆಲ್ಲೋ ಶಾಲೆಯಲ್ಲಿ ಇದ್ದರೆ, ಸ್ಯಾಟ್ಸ್‌ನಲ್ಲಿ ಈಗ ಯಾವ ಶಾಲೆ ತೋರಿಸುತ್ತಿದೆ ಎಂದೂ ಅಲ್ಲೇ ನೋಡಿಸಿ. ಬಾಕಿ ಫೀಗಾಗಿ ಟಿಸಿ ಹಿಡಿದಿಟ್ಟುಕೊಂಡರೆ ಅಂಜಬೇಡಿ. ಟಿಸಿ ತಡವಾಯಿತೆಂದು ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ಕಾಯ್ದೆಯ ಐದನೇ ಸೆಕ್ಷನ್‌ನಲ್ಲೇ ಇದೆ.

ಶಾಲೆ ನೋಡಲು ಮಗುವನ್ನೂ ಕರೆದುಕೊಂಡು ಹೋಗಿ

ನನ್ನ ಅಭಿಪ್ರಾಯದಲ್ಲಿ ಆರನೇ ತರಗತಿಯ ಶಾಲೆಯನ್ನು ಅಳೆಯಲು ಮೂರು ಸಂಗತಿ ಸಾಕು.

ಗಣಿತ–ವಿಜ್ಞಾನಕ್ಕೆ ಪದವೀಧರ ಶಿಕ್ಷಕರು ಇದ್ದಾರೆಯೇ ಎಂಬುದು ಮೊದಲನೆಯದು. ಆರರಿಂದ ಎಂಟಕ್ಕೆ ಪಾಠ ಹೇಳಲು ಅವರ ಹುದ್ದೆ ಬೇರೆಯೇ ಇರುತ್ತದೆ. ಖಾಲಿ ಇದ್ದರೆ ಅತಿಥಿ ಶಿಕ್ಷಕರು ಬಂದಿದ್ದಾರೆಯೇ, ಹೋದ ವರ್ಷ ಯಾವ ತಿಂಗಳಿಗೆ ಬಂದರು ಎಂದು ಕೇಳಿ. ಹೆಡ್‌ಮಾಸ್ತರರು ಇದಕ್ಕೆ ಸಿಟ್ಟಾಗುವುದಿಲ್ಲ, ಅವರಿಗೂ ಅದೇ ಚಿಂತೆ ಇರುತ್ತದೆ.

ಎರಡನೆಯದು ಮಕ್ಕಳ ನೋಟ್‌ಬುಕ್. ಏಳನೇ ತರಗತಿಯ ಯಾವುದಾದರೂ ಮಗುವಿನ ವಿಜ್ಞಾನದ ನೋಟ್‌ಬುಕ್ ತೆಗೆದು ನೋಡಿ. ಮಾಸ್ತರರು ತಿದ್ದಿದ ಗುರುತು ಕೊನೆಯ ಪುಟದವರೆಗೆ ಇದೆಯೇ? ಎಲ್ಲರ ನೋಟ್‌ಬುಕ್ಕಿನಲ್ಲೂ ಅಕ್ಷರಕ್ಕಕ್ಷರ ಒಂದೇ ಉತ್ತರ ಇದೆಯೇ, ಮಕ್ಕಳದ್ದೇ ವಾಕ್ಯಗಳೂ ಇವೆಯೇ? ಓದಲು ಬಾರದ ತಾಯಿ ಕೂಡ ಕೆಂಪು ಪೆನ್ನು ಎಲ್ಲಿ ನಿಂತಿದೆ ಎಂದು ನೋಡಬಲ್ಲಳು. ರಿಸಲ್ಟ್ ಬೋರ್ಡಿಗಿಂತ ಇದು ಹೆಚ್ಚು ಹೇಳುತ್ತದೆ.

ಮೂರನೆಯದು ದಾರಿ ಮತ್ತು ಶೌಚಾಲಯ. ಬಸ್ ಎಷ್ಟೊತ್ತಿಗಿದೆ, ಸಂಜೆಯ ಬಸ್ ತಪ್ಪಿದರೆ ಮುಂದಿನದು ಯಾವಾಗ, ಹೈವೇ ದಾಟಬೇಕೇ? ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಬಸ್ ಉಚಿತ, ಹುಡುಗರಿಗೆ ವಿದ್ಯಾರ್ಥಿ ಪಾಸ್ ಇದೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರುತ್ತದೆಯೇ, ಚಿಲಕ ಇದೆಯೇ ಎಂದು ಅವ್ವನೇ ಒಳಗೆ ಹೋಗಿ ನೋಡಲಿ. ಆರು–ಏಳನೇ ತರಗತಿಯಲ್ಲೇ ಮುಟ್ಟು ಶುರುವಾಗುವ ಹುಡುಗಿಯರು ಎಷ್ಟೋ ಜನ. ಈ ಒಂದು ಕಾರಣಕ್ಕೆ ತಿಂಗಳಿಗೆ ನಾಲ್ಕೈದು ದಿನ ಶಾಲೆ ತಪ್ಪಿಸುತ್ತಾರೆ.

ಬೇಸಿಗೆ ರಜೆಯಲ್ಲಿ ಶಾಲೆ ಮುಚ್ಚಿದ್ದರೆ ಆ ಊರಿನ ಮಕ್ಕಳನ್ನೇ ಕೇಳಿ. "ನಿಮ್ಮ ಸಾಲ್ಯಾಗ ಲೆಕ್ಕ ಯಾರು ಹೇಳ್ತಾರ? ಅವರು ದಿನಾ ಬರ್ತಾರೇನು? ಹೊಡಿತಾರೇನು?" ಎಂದು ಕೇಳಿದರೆ ಎಂಟನೇ ತರಗತಿಯ ಹುಡುಗಿ ನಿಮಗೆ ನಿಜವನ್ನೇ ಹೇಳುತ್ತಾಳೆ. ಮಗು ಆ ಮಾತು ಕೇಳಿಸಿಕೊಳ್ಳಲಿ. ಹೋದ ವರ್ಷ ಎಲ್ಲ ತೀರ್ಮಾನವೂ ಅದರ ತಲೆಯ ಮೇಲಿಂದ ಹೋಗಿತ್ತು. ಈ ಸಲ ಎರಡು ಶಾಲೆ ನೀವು ಆರಿಸಿ, ಅದರಲ್ಲಿ ಒಂದನ್ನು ಮಗು ಆರಿಸಲಿ.

ಮಾಧ್ಯಮದ ಪ್ರಶ್ನೆ

ಆಯ್ಕೆಯಾಗಿದ್ದರೆ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಿತ್ತು, ಈಗ ಕನ್ನಡದಲ್ಲೇ ಉಳಿಯಿತು ಎಂಬ ಕೊರಗು ಬಹಳ ಮನೆಗಳಲ್ಲಿದೆ. ಹಟಕ್ಕೆ ಬಿದ್ದು ಸಾಲ ಮಾಡಿ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವ ಮೊದಲು ಒಂದು ಕೆಲಸ ಮಾಡಿ. ಐದನೇ ತರಗತಿಯ ಇಂಗ್ಲಿಷ್ ಪುಸ್ತಕದ ಅರ್ಧ ಪುಟ ಓದಿಸಿ, ಅದರಲ್ಲಿ ಏನಿದೆ ಎಂದು ಕನ್ನಡದಲ್ಲಿ ಹೇಳು ಅನ್ನಿ. ಹೇಳಿದರೆ ಮಾಧ್ಯಮ ಬದಲಿಸುವ ಬಗ್ಗೆ ಯೋಚಿಸಬಹುದು. ತಡವರಿಸಿದರೆ ಈ ವರ್ಷ ಬೇಡ. ಸೋಲಿನ ನೋವಿನ ಮೇಲೆ ಪಾಠವೂ ತಿಳಿಯದ ಶಾಲೆ ಬಿದ್ದರೆ ಮಗು ಎರಡು ಕಡೆಯಿಂದ ಕುಸಿಯುತ್ತದೆ. ವಿಜ್ಞಾನ ಕನ್ನಡದಲ್ಲಿ ಚೆನ್ನಾಗಿ ತಿಳಿಯಲಿ, ಇಂಗ್ಲಿಷನ್ನು ಭಾಷೆಯಾಗಿ ದಿನಾಲೂ ಸ್ವಲ್ಪ ಓದಲಿ. ಬೆಳಗಾವಿ, ನಿಪ್ಪಾಣಿ, ಖಾನಾಪುರ ಕಡೆ ಮರಾಠಿ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೂ ಇದೇ ಮಾತು ಹೇಳುತ್ತೇನೆ, ತಿಳಿದ ಭಾಷೆಯಲ್ಲಿ ಬುನಾದಿ ಹಾಕಿಸಿ.

ಜೂನ್‌ನಿಂದ ದಸರೆಯವರೆಗೆ

ಶಾಲೆಗೆ ಹೋದ ಮೊದಲ ವಾರ ತರಗತಿ ಶಿಕ್ಷಕರನ್ನು ಕಂಡು, ಮಗು ಪ್ರವೇಶ ಪರೀಕ್ಷೆ ಬರೆದು ಬಂದಿದೆ, ಮನಸ್ಸಿಗೆ ಹಚ್ಚಿಕೊಂಡಿದೆ ಎಂದು ಹೇಳಿ. ಮಗುವಿನ ಎದುರಿಗೆ ಬೇಡ. ನಮಗೆ ಇದು ಗೊತ್ತಿದ್ದರೆ ಬಹಳ ಅನುಕೂಲ. ಇಂಥ ಹುಡುಗನಿಗೆ ನಾನು ಪಕ್ಕದವನಿಗೆ ಲೆಕ್ಕ ಹೇಳಿಕೊಡುವ ಕೆಲಸ ಕೊಡುತ್ತೇನೆ. ಒಂದೆರಡು ತಿಂಗಳಲ್ಲಿ ಅವನ ದನಿ ಏರುತ್ತದೆ.

ಮನೆಯಲ್ಲಿ ಸಂಜೆ ಕೇಳುವ ಪ್ರಶ್ನೆ "ಎಷ್ಟು ಮಾರ್ಕ್ಸ್ ಬಿತ್ತು" ಆಗದಿರಲಿ. ಇಂದು ಯಾರ ಜೊತ್ಯಾಗ ಉಂಡಿ, ಏನು ಆಡಿದಿ, ಯಾವ ಪಾಠ ಛಲೋ ಅನಿಸ್ತು ಎಂದು ಕೇಳಿ. ಗೆಳೆಯರ ಹೆಸರು ಬಾಯಿಗೆ ಬರತೊಡಗಿದರೆ ಶಾಲೆ ಹೊಂದಿಕೆಯಾಗಿದೆ ಎಂದು ಅರ್ಥ. ದಸರಾ ರಜೆಗೆ ಮುಂಚೆ ಮೊದಲ ಸಂಕಲನಾತ್ಮಕ ಪರೀಕ್ಷೆ ಮುಗಿದಿರುತ್ತದೆ. ಆ ಉತ್ತರಪತ್ರಿಕೆಗಳನ್ನು ಹೋಗಿ ನೋಡಿ. ಅಂಕ ಕಡಿಮೆ ಬಂದಿದ್ದರೆ ಎಲ್ಲಿ ಕಡಿಮೆ ಎಂದು ನೋಡಿ: ಬರೆಯಲು ಹೊತ್ತು ಸಾಲಲಿಲ್ಲವೋ, ಪ್ರಶ್ನೆ ತಿಳಿಯಲಿಲ್ಲವೋ, ಬರೆದೇ ಇಲ್ಲವೋ. ಮೂರಕ್ಕೂ ಬೇರೆ ಬೇರೆ ಉಪಾಯ, ಶಿಕ್ಷಕರೇ ಹೇಳುತ್ತಾರೆ. ಆ ಹೊತ್ತಿಗೂ ಮಗು ಬೆಳಗಾದರೆ ಅಳುತ್ತಿದ್ದರೆ, ಒಬ್ಬ ಗೆಳೆಯನ ಹೆಸರೂ ಹೇಳದಿದ್ದರೆ ಶಾಲೆ ಬದಲಿಸಲು ಹಿಂಜರಿಯಬೇಡಿ, ವರ್ಷದ ನಡುವೆಯೂ ಬದಲಿಸಬಹುದು.

ಮುಂದೆ ಬರುವ ಬಾಗಿಲುಗಳು

ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಇದೆ. ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಇದು ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ನವೋದಯದವರು, ಸರ್ಕಾರದ ವಸತಿ ಶಾಲೆಯವರು ಬರೆಯುವಂತಿಲ್ಲ. ಎರಡು ಪತ್ರಿಕೆ, ತಲಾ 90 ಪ್ರಶ್ನೆ. ಒಂದು ಪೂರ್ತಿ ಮಾನಸಿಕ ಸಾಮರ್ಥ್ಯದ್ದು. ಐದನೇ ತರಗತಿಯಲ್ಲಿ ಕಲಿತ ಆಕೃತಿ, ಸರಣಿ, ಸಂಖ್ಯೆಗಳ ಲೆಕ್ಕವೆಲ್ಲ ಇಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಮೇಲೆ ಹೇಳಿದ್ದು ಇದಕ್ಕೇ. ಕೋಚಿಂಗ್ ಇಲ್ಲದೆಯೇ ಶಿಕ್ಷಕರ ನೆರವಿನಿಂದ ಹಳ್ಳಿ ಶಾಲೆಯ ಮಕ್ಕಳು ಇದನ್ನು ಪಾಸಾಗುತ್ತಾರೆ.

ಒಂಬತ್ತನೇ ತರಗತಿಗೆ ನವೋದಯದಲ್ಲಿ ಖಾಲಿ ಉಳಿದ ಸೀಟುಗಳಿಗೆ ಇನ್ನೊಂದು ಪರೀಕ್ಷೆ ನಡೆಯುತ್ತದೆ. ಗಣಿತ, ವಿಜ್ಞಾನ ತಲಾ 35 ಅಂಕ, ಇಂಗ್ಲಿಷ್, ಹಿಂದಿ ತಲಾ 15. ಸೈನಿಕ ಶಾಲೆಗೂ ಒಂಬತ್ತಕ್ಕೆ ಪ್ರವೇಶ ಇದೆ, ಆದರೆ ಆರನೇ ತರಗತಿಯ ಪರೀಕ್ಷೆಯ ಹಾಗೆ ಕನ್ನಡದಲ್ಲಿ ಬರೆಯುವಂತಿಲ್ಲ, ಇಂಗ್ಲಿಷಿನಲ್ಲೇ ಬರೆಯಬೇಕು. ವಿಜಯಪುರದ ಸೈನಿಕ ಶಾಲೆ 1963ರಿಂದ ಇದೆ, ಈಗ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಾರೆ. ಈ ಪರೀಕ್ಷೆಗಳನ್ನು ಬರೆಯಬೇಕೋ ಬೇಡವೋ ಎಂದು ಆಗ ಹದಿಮೂರು ವರ್ಷದ ಮಗುವನ್ನೇ ಕೇಳಿ. "ಒಲ್ಲೆ" ಅಂದರೆ ಒಪ್ಪಿಕೊಳ್ಳಿ.

ಎನ್‌ಎಂಎಂಎಸ್‌ಗೆ ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಬಾರದು. ಏಳನೇ ತರಗತಿಯಲ್ಲಿ ಶೇ 55 ಅಂಕ ಇರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 50 ಸಾಕು. ಹೀಗಾಗಿ ಏಳನೇ ತರಗತಿಯ ಅಂಕಪಟ್ಟಿಯನ್ನು ಜೋಪಾನವಾಗಿ ಎತ್ತಿಡಿ, ಎಂಟಕ್ಕೆ ಕಾಲಿಟ್ಟ ಜೂನ್‌ನಲ್ಲೇ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿಲ್ಲವೇ ಎಂದು ನೋಡಿಕೊಂಡು, ಅರ್ಜಿ ಯಾವಾಗ ಹಾಕುತ್ತೀರಿ ಎಂದು ಹೆಡ್‌ಮಾಸ್ತರರನ್ನು ಕೇಳಿ.